ಸದ್ದೇ ಮಾಡದ ಸೈಲೆನ್ಸರ್ ಕಳಿಸಿದವರಿಗೆ

ಹೊಗೆಕೊಳವೆ ಲೋಕದ ಹಿರಿಯರೂ, ಮುದಿ ಕಾರುಗಳ ಗಂಟಲಿಗೆ ಮದ್ದರೆಯುವವರೂ ಆದ ಸೈಲೆನ್ಸರ್ ಕಂಪನಿಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಕುಟುಂಬವೂ ಕ್ಷೇಮವಾಗಿದ್ದೀರಿ, ಮನೆಯಲ್ಲಿ ಎಲ್ಲರಿಗೂ ಕಿವಿ ಚೆನ್ನಾಗಿ ಕೇಳಿಸುತ್ತಿದೆ ಎಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಗುಟ್ಟಾಗಿ ಬರೆದ ಮೂರು ಪತ್ರಗಳಿಗೆ ತಾವು "ನಿಶ್ಶಬ್ದವು ದೋಷವಲ್ಲ" ಎಂಬ ಒಂದೇ ಸಾಲನ್ನು ಮೂರು ಸಲ ಉತ್ತರವಾಗಿ ಕಳಿಸಿದ್ದೀರಿ. ಆ ಸಾಲಿನ ಗಾಂಭೀರ್ಯಕ್ಕೆ ತಲೆಬಾಗಿ, ಬಾಗಿದ ತಲೆಯನ್ನು ಮೇಲೆತ್ತದೆಯೇ ಮುಂದುವರಿಯುತ್ತೇನೆ.

ನನ್ನ ಅಕ್ಕ ಡ್ರೈವಿಂಗ್ ಶಾಲೆ ನಡೆಸುತ್ತಾಳೆ. ಶಾಲೆಗಿರುವುದು ಒಂದೇ ಕಾರು. ಅಪ್ಪ ಕೊಂಡದ್ದು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯದು, ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಹೆಚ್ಚು. ಅದರ ವೇಗದ ಮುಳ್ಳು ಯಾವ ಕಾಲದಲ್ಲೋ ನಲವತ್ತಕ್ಕೆ ಅಂಟಿಕೊಂಡು, ಶೆಡ್ಡಿನಲ್ಲಿ ನಿಂತಾಗಲೂ ನಲವತ್ತೇ ತೋರಿಸುವುದರಿಂದ, ಅಕ್ಕ ಗೇರು ಕಲಿಸುವುದು ಕಿವಿಯಿಂದ. ಅದಕ್ಕೆಂದೇ ನಾನು ಹೊಸೆದುಕೊಟ್ಟ ಪದ್ಯ ಡ್ಯಾಶ್‌ಬೋರ್ಡಿನ ಮೇಲೆ ಅಂಟಿದೆ:

ಗುರ್ರೆಂದರೆ ಎರಡಕ್ಕೆ ಹಾಕು,
ಗರ್ಜಿಸಿದರೆ ಮೂರಕ್ಕೆ ನೂಕು,
ಗುನುಗಿದರೆ ನಾಲ್ಕೇ ಸಾಕು,
ಕೆಮ್ಮಿದರೆ ಕ್ಲಚ್ಚೇ ಬೇಕು.

ಈ ನಾಲ್ಕು ಸಾಲನ್ನು ನಂಬಿ ಇಪ್ಪತ್ತು ವರ್ಷಗಳಲ್ಲಿ ಊರಿನ ಅರ್ಧ ಜನ ಲೈಸೆನ್ಸ್ ಪಡೆದಿದ್ದಾರೆ. ಉಳಿದರ್ಧ ಜನ ರಸ್ತೆಯ ಅಂಚಿನಲ್ಲಿ ನಡೆಯುವುದನ್ನು ಕಲಿತಿದ್ದಾರೆ.

ಕಳೆದ ತಿಂಗಳು ಹಳೆಯ ಸೈಲೆನ್ಸರ್ ನಡುರಸ್ತೆಯಲ್ಲಿ ಕಳಚಿ ಬಿತ್ತು. ನಮ್ಮ ಮೆಕ್ಯಾನಿಕ್, ತುಕ್ಕು ಕಂಡರೆ ಮುಖ ಅರಳುವ ಕಾರಣಕ್ಕೆ ಎಲ್ಲರಿಂದ ತುಕ್ಕಣ್ಣ ಎನಿಸಿಕೊಂಡವರು, ಅದನ್ನು ಎತ್ತಿ ನೋಡಿ, "ಇದ್ರಲ್ಲಿ ಸೈಲೆನ್ಸರ್ ಎಲ್ಲಿದೆ? ನಾನು ಹಾಕಿದ ತೇಪೆ, ನಾನು ಸುತ್ತಿದ ತಂತಿ, ಅಷ್ಟೇ" ಎಂದರು. ಮಾಮೂಲಿ ಉಕ್ಕಿನದು ಎರಡು ವರ್ಷಕ್ಕೆ ತೂತಾಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದಾದರೆ ಕಾರು ಹೋದ ಮೇಲೂ ಇರುತ್ತದೆ ಎಂದು ಬಿಡಿಸಿ ಹೇಳಿದರು. ಅಷ್ಟರಲ್ಲಿ ತಮ್ಮ ಕಂಪನಿಯ ಕ್ಯಾಟಲಾಗಿನಲ್ಲಿ "ಹತ್ತು ವರ್ಷ ಗ್ಯಾರಂಟಿ" ಎಂಬುದನ್ನು ಭಾವ ಓದಿಬಿಟ್ಟರು. ಅವರು ಕೊಂಡದ್ದು ಗ್ಯಾರಂಟಿಯನ್ನು. ಕೊಳವೆ ಅದರ ಜೊತೆಗೆ ಬಂತು.

ಉಳಿದದ್ದು ದನಿಯ ಆಯ್ಕೆ. ಸ್ಟೇನ್‌ಲೆಸ್‌ನಲ್ಲಿ ಮೂರು ಬಗೆಯಿದ್ದವು, ಚಿತ್ರ ನೋಡಿದರೆ ಸದ್ದು ಕೇಳಿಸದು. ಆದ್ದರಿಂದ ತಮ್ಮ ಗುಮಾಸ್ತರಿಗೆ ಫೋನು ಮಾಡಿ, ಒಂದೊಂದನ್ನೂ ಜೋಡಿಸಿ ಕೇಳಿಸುವಂತೆ ಬೇಡಿಕೊಂಡೆವು. ಊಟದ ಮೇಜಿನ ನಡುವೆ ಫೋನಿಟ್ಟು ಅಕ್ಕ, ಭಾವ, ತುಕ್ಕಣ್ಣ ಮತ್ತು ನಾನು ಕಣ್ಣು ಮುಚ್ಚಿ ಕುಳಿತೆವು. ಮೊದಲನೆಯದು ಸೊಳ್ಳೆ. ಎರಡನೆಯದು ಆ ಸೊಳ್ಳೆಯ ಸಂಕೋಚದ ಸ್ವಭಾವದ ತಂಗಿ. ಮೂರನೆಯದಕ್ಕೆ ಮೇಜಿನ ಮೇಲಿನ ಲೋಟಗಳು ನಡುಗಿದವು. "ಇದೇ ಕಣೋ! ಅಪ್ಪನ ಗಾಡಿ ಹೀಗೇ ಇತ್ತು!" ಎಂದು ಅಕ್ಕ ಎದ್ದೇ ನಿಂತಳು. ಆ ಹೊತ್ತಿಗೆ ತಮ್ಮ ಗುಮಾಸ್ತರ ಕಿಟಕಿಯಾಚೆ ಲಾರಿಯೊಂದು ರಿವರ್ಸ್ ಬರುತ್ತಿತ್ತೆಂಬ ಸಂಗತಿ ನಮಗೆ ತಿಳಿದದ್ದು, ಕೊಳವೆ ಜೋಡಿಸಿ, ಗ್ಯಾರಂಟಿ ಕಾರ್ಡಿಗೆ ಭಾವ ಫ್ರೇಮು ಹಾಕಿಸಿದ ಮೇಲೆ.

ತಮ್ಮ ಕೊಳವೆಯ ಮೌನವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಇದ್ದರೂ ಅದರೆದುರು ಆಡಲು ನಾಚಿಕೆ. ಕಲಿಯಲು ಬರುವ ಟೈಲರಮ್ಮ "ಮೇಡಂ, ಇದು ಬದುಕಿದೆಯೋ ಇಲ್ವೋ?" ಎನ್ನುತ್ತಾ, ಓಡುತ್ತಿದ್ದ ಎಂಜಿನ್ನಿಗೆ ಮತ್ತೆ ಕೀಲಿ ತಿರುಗಿಸಿದರು, ಕಾರು ಬಾಯಿಬಿಟ್ಟು ಚೀರಿದ್ದು ಅದೊಂದೇ ಸಲ. ನಿವೃತ್ತ ಪೋಸ್ಟ್‌ಮ್ಯಾನ್ ಒಂದನೇ ಗೇರಿನಲ್ಲೇ ಊರು ಸುತ್ತಿ ಬಂದು, "ಗುರ್ ಅನ್ಲೇ ಇಲ್ಲ, ನಾನೇನ್ ಮಾಡ್ಲಿ?" ಎಂದು ನಮ್ಮನ್ನೇ ಗದರಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಗುರುವಾರ ಹನ್ನೊಂದು ಜನಕ್ಕೆ ಪರೀಕ್ಷೆ. ಅರ್ಧಕ್ಕಿಂತ ಹೆಚ್ಚು ಜನ ಫೇಲಾದರೆ ಶಾಲೆಯ ಪರವಾನಗಿ ರದ್ದು ಎಂಬುದು ಸಾರಿಗೆ ಕಚೇರಿಯ ನಿಯಮ. "ನಾಲ್ಕು ತೂತು ಹೊಡೆದ್ರೆ ತಾನೇ ಹಾಡುತ್ತೆ" ಎಂದು ತುಕ್ಕಣ್ಣ ಡ್ರಿಲ್ ತಂದರು. "ತೂತು ಬಿದ್ರೆ ಗ್ಯಾರಂಟಿ ಬಿತ್ತು!" ಎಂದು ಭಾವ ಕಾರಿನಡಿ ಮಲಗಿ ಕೊಳವೆಯನ್ನು ತಬ್ಬಿಕೊಂಡರು.

ಆಗ ಅಕ್ಕ ನನ್ನ ಕಡೆ ತಿರುಗಿದಳು. "ಪದ್ಯ ಬರೆದೋನು ನೀನು ತಾನೇ? ಸದ್ದೂ ನೀನೇ ಮಾಡು."

ಮಾನ್ಯರೇ, ಗುರುವಾರ ನಾನು ಕಾರಿನ ಡಿಕ್ಕಿಯಲ್ಲಿ ಛತ್ರಿಯಂತೆ ಮಡಚಿಕೊಂಡು, ಬೆನ್ನಿಗೆ ತಾಗುವ ನಡುಕದಿಂದ ಎಂಜಿನ್ನಿನ ಇಂಗಿತವನ್ನು ಅರಿತು, ಹಿಂದಿನ ಸೀಟಿನ ಸಂದಿಗೆ ಬಾಯಿಟ್ಟು ಹನ್ನೊಂದು ಜನಕ್ಕೂ ಗುರ್ರೆಂದೆ, ಗರ್ಜಿಸಿದೆ, ಗುನುಗಿದೆ. ಹನ್ನೊಂದು ಜನವೂ ಪಾಸು. ಪರೀಕ್ಷೆಯ ಅಧಿಕಾರಿ ಬಾನೆಟ್ ತಟ್ಟಿ, "ಏನ್ ಗಂಟಲು ರೀ ಇದಕ್ಕೆ! ಈಗಿನ ಗಾಡಿಗಳಿಗೆ ಎಲ್ಲಿ ಬರ್ಬೇಕು?" ಎಂದರು. ಜೀವಮಾನದಲ್ಲಿ ನನ್ನ ದನಿಯನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು. ಹೊರಗೆ ಬಂದು ಕೈಮುಗಿಯುವಂತಿರಲಿಲ್ಲ.

ನನ್ನ ಅಸಲು ದೂರು ಇಲ್ಲಿಂದ ಶುರು. ಅಕ್ಕ ಈಗ ಬೇರೆ ಸೈಲೆನ್ಸರ್ ಬೇಡವೇ ಬೇಡ ಎನ್ನುತ್ತಾಳೆ. "ಇವನಿಗೆ ತುಕ್ಕು ಹಿಡಿಯಲ್ಲ, ತೇಪೆ ಬೇಡ, ಒಂದು ಲೋಟ ಬಿಸಿನೀರು ಕೊಟ್ರೆ ಸಂಜೆ ತನಕ ಓಡ್ತಾನೆ" ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಹೊಸದಾಗಿ ಇಪ್ಪತ್ತಮೂರು ಜನ ಸೇರಿದ್ದಾರೆ. ನನ್ನ ಸೊಂಟ ಈಗ ಮಂಚದ ಮೇಲೂ ನೆಟ್ಟಗಾಗುವುದಿಲ್ಲ. ಮೊನ್ನೆ ಆಫೀಸಿನಲ್ಲಿ ಮೇಲಧಿಕಾರಿಗಳು ಸ್ವರ ಏರಿಸಿದೊಡನೆ ಅಭ್ಯಾಸಬಲದಿಂದ ಗರ್ಜಿಸಿಬಿಟ್ಟು, ಎರಡು ಪುಟದ ವಿವರಣೆ ಬರೆದುಕೊಟ್ಟಿದ್ದೇನೆ.

ಆದಕಾರಣ ತಾವು ಕೃಪೆಯಿಟ್ಟು ಆ ಲಾರಿಯನ್ನು, ರಿವರ್ಸ್ ಗೇರಿನಲ್ಲಿರುವ ಸ್ಥಿತಿಯಲ್ಲೇ, ಚಾಲಕನ ಸಮೇತ ಹತ್ತು ವರ್ಷಗಳ ಮಟ್ಟಿಗೆ ನಮ್ಮ ಕಾರಿನ ಬೆನ್ನಿಗೆ ಬಿಡಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ ಆ ಗುಮಾಸ್ತರನ್ನೇ ಕಳಿಸಿಕೊಡಿ. ನಾಲ್ಕೂವರೆ ಅಡಿ ಮೀರದಿದ್ದರೆ ಅವರಿಗೆ ಡಿಕ್ಕಿಯಲ್ಲಿ ಯಾವ ತೊಂದರೆಯೂ ಇಲ್ಲ. ಅದೂ ಆಗದಿದ್ದರೆ, ನಾಲ್ಕು ತೂತು ಬಿದ್ದರೂ ಗ್ಯಾರಂಟಿ ಊರ್ಜಿತ ಎಂದು ಭಾವನ ಹೆಸರಿಗೆ ಒಂದು ಚೀಟಿ ಬರೆದುಕೊಟ್ಟರೆ ಸಾಕು. ತುಕ್ಕಣ್ಣ ಡ್ರಿಲ್ ಹಿಡಿದು ಕಾಯುತ್ತಿದ್ದಾರೆ. ನಾನು ಮಂಡಿ ಹಿಡಿದು.

ತಮ್ಮ ವಿಶ್ವಾಸಿ,
ಅಕ್ಕನ ತಮ್ಮ

ವಿ.ಸೂ.: ಕಾಗದ ಅಂಟಿಸುವ ಹೊತ್ತಿಗೆ ಸಾರಿಗೆ ಕಚೇರಿಯಿಂದ ನೋಟಿಸ್ ಬಂತು. ನಮ್ಮ ಕಾರು ಮಿತಿಮೀರಿ ಸದ್ದು ಮಾಡುತ್ತಿದೆಯಂತೆ. ಏಳು ದಿನದೊಳಗೆ ಒಳ್ಳೆಯ ಸೈಲೆನ್ಸರ್ ಹಾಕಿಸಬೇಕಂತೆ. ತಮ್ಮ ಕಂಪನಿಯನ್ನೇ ಶಿಫಾರಸು ಮಾಡಿದ್ದಾರೆ. ಹೊಂದುವಂಥದ್ದು ಇದ್ದರೆ ಕಳಿಸಿ. ನನ್ನ ಕಾಲರ್ ಅಳತೆ ಹದಿನೈದೂವರೆ ಇಂಚು.