ಕುಮರೇಶನ್ ಹಾಸಿದ ನೀರಿನ ಜಮಖಾನ

ಇಪ್ಪತ್ತೆಂಟು ವರ್ಷ ಪವರ್‌ಲೂಮಿನ ಮುಂದೆ ನಿಂತು ಮೈಲುಗಟ್ಟಲೆ ಬಟ್ಟೆ ನೇಯ್ದವನಿಗೆ, ಒಂದು ಗಾಜಿನ ತೊಟ್ಟಿಯ ತಳದಲ್ಲಿ ಹಸಿರು ಜಮಖಾನ ಹಾಸುವುದು ಯಾವ ಮಹಾ ಕೆಲಸ? ಹೀಗೆಂದು ಅವಿನಾಶಿಯ ಕುಮರೇಶನ್ ಒಂದು ಗುರುವಾರ ಬೆಳಿಗ್ಗೆ ತಾಯಿ ಪಳನಿಯಮ್ಮನ ಎದುರು ಘೋಷಿಸಿದ. ಪಳನಿಯಮ್ಮ ಸಾಂಬಾರಿಗೆ ಚಿಕ್ಕ ಈರುಳ್ಳಿ ಸುಲಿಯುತ್ತಿದ್ದಳು. ಮಗನ ಘೋಷಣೆಗಳು ಅವಳಿಗೆ ಹೊಸದಲ್ಲ. ತೊಟ್ಟಿ ಯಾರದ್ದು ಅನ್ನುವುದು ನೆನಪಿರಲಿ ಎಂದಷ್ಟೇ ಹೇಳಿ ಮತ್ತೆ ತಲೆ ಬಗ್ಗಿಸಿದಳು.

ತೊಟ್ಟಿ ಅವನ ಹೆಂಡತಿ ಸತ್ಯಾಳದ್ದು. ಹೋದ ವರ್ಷ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿ, ಡಾಕ್ಟರು ಮೂರು ತಿಂಗಳು ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು ಎಂದಿದ್ದರು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದಿನವಿಡೀ ನೂರಾರು ಜನರ ನಡುವೆ ಕೂತು ನೂಲು ಕತ್ತರಿಸುತ್ತಿದ್ದವಳು ಗೋಡೆ ನೋಡುತ್ತ ಮಲಗಬೇಕಾಯಿತು. ಆಗ ಅವಳ ತಮ್ಮ ಈ ತೊಟ್ಟಿಯನ್ನೂ ಕೆಂಪು ಬಾಲದ ಹದಿಮೂರು ಸಣ್ಣ ಮೀನುಗಳನ್ನೂ ತಂದು ಮಂಚದ ಪಕ್ಕ ಇಟ್ಟುಹೋದ. ಹಿಂದಿನ ಶೆಡ್ಡಿನಲ್ಲಿ ನಾಲ್ಕು ಮಗ್ಗ ಬಡಿದುಕೊಳ್ಳುವ ಮನೆಯಲ್ಲಿ ಮನುಷ್ಯರ ಮಾತು ಮನುಷ್ಯರಿಗೇ ಕೇಳುವುದಿಲ್ಲ. ಸತ್ಯಾ ಮೀನುಗಳ ಜೊತೆ ಮಾತಾಡಿದಳು. ಅವು ಬಾಯಿ ತೆರೆದು ಮುಚ್ಚಿ, ಹೂಂ ಹೂಂ ಎಂದು ಕೇಳಿಸಿಕೊಂಡವು. ಮೂರು ತಿಂಗಳಲ್ಲಿ ಅವಳು ಎದ್ದು ಓಡಾಡುವಂತಾದಳು.

ಈ ಉಪಕಾರ ಕುಮರೇಶನ್ ಮರೆತಿರಲಿಲ್ಲ. ಆದರೆ ಮೀನಿಗೆ ಧನ್ಯವಾದ ಹೇಳುವುದು ಹೇಗೆ? ಶಾಲು ಹೊದಿಸೋಣವೆಂದರೆ ಹೆಗಲಿಲ್ಲ. ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಯಾರದೋ ತೊಟ್ಟಿಯ ತಳದಲ್ಲಿ ಕಲ್ಲು ಕಾಣದಂತೆ ಪುಟ್ಟ ಪುಟ್ಟ ಎಲೆಯ ಗಿಡ ಹಬ್ಬಿ, ಹಸಿರು ಕಾರ್ಪೆಟ್ ಹಾಸಿದಂತಿತ್ತು. ಕುಮರೇಶನ್ ಆ ಕ್ಷಣವೇ ನಿರ್ಧರಿಸಿಬಿಟ್ಟ. ಸತ್ಯಾ ಅವತ್ತೇ ಅಕ್ಕನ ಮಗಳ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕುನ್ನತ್ತೂರಿಗೆ ಹೊರಟಿದ್ದಳು, ಬರುವುದು ಭಾನುವಾರ. ಬಾಗಿಲು ತೆರೆದ ಕೂಡಲೇ ಅವಳ ಕಣ್ಣಿಗೆ ಹಸಿರು ಬೀಳಬೇಕು.

ಹೆಂಡತಿಯನ್ನು ಬಸ್ಸು ಹತ್ತಿಸಿದವನು ಎದುರು ಬಸ್ಸು ಹಿಡಿದು ಕೊಯಮತ್ತೂರಿಗೆ ಹೋದ. ಅಂಗಡಿಯವನು ಐದು ಚಿಕ್ಕ ಕಪ್ಪುಗಳಲ್ಲಿ ಗಿಡ ಕೊಟ್ಟು, ಸಣ್ಣ ಸಣ್ಣ ಗೊಂಚಲು ಮಾಡಿ ದೂರ ದೂರ ನೆಡಿ, ಎರಡು ತಿಂಗಳು ಕಾಯಿರಿ, ತಾನೇ ಹಬ್ಬುತ್ತದೆ ಎಂದ. ಅದರಲ್ಲಿ ಕುಮರೇಶನ್ನನ ಕಿವಿಗೆ ಬಿದ್ದದ್ದು ‘ನೆಡಿ’ ಎಂಬ ಒಂದೇ ಮಾತು. ಅವನ ಬಳಿ ಇದ್ದದ್ದು ಮೂರು ದಿನ.

ಶುಕ್ರವಾರ ಮಗ್ಗಗಳನ್ನು ನಿಲ್ಲಿಸಿ, ತೋಳು ಮಡಚಿ, ಚಿಮಟ ಹಿಡಿದು ಕೂತ. ಗೊಂಚಲು ಗಿಂಚಲು ಅವನ ನೇಯ್ಗೆಯ ಕಣ್ಣಿಗೆ ಒಗ್ಗಲಿಲ್ಲ. ಒಂದೊಂದೇ ಎಳೆಯನ್ನು ಬಿಡಿಸಿ, ನೂಲು ಹಿಡಿದಂತೆ ನೇರ ಸಾಲಿನಲ್ಲಿ ನೆಟ್ಟ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಸಾಲು. ಎಂಥ ಹಾಸು! ತನ್ನ ಕೆಲಸವನ್ನು ತಾನೇ ಮೆಚ್ಚಿ ಊಟಕ್ಕೆ ಎದ್ದ. ಹಾಸು ಇವನು ಹಾಕಿದ ಮೇಲೆ ಹೊಕ್ಕಿನ ಕೆಲಸ ನಮ್ಮದು ಎಂದುಕೊಂಡವೋ ಏನೋ, ಮೀನುಗಳು ಲಾಳಿಯ ಹಾಗೆ ಸಾಲುಗಳ ನಡುವೆ ಈ ಕಡೆಯಿಂದ ಆ ಕಡೆಗೆ ಓಡಿದವು. ಊಟ ಮುಗಿಸಿ ಬರುವಷ್ಟರಲ್ಲಿ ಜಮಖಾನ ತಳದಲ್ಲಿರಲಿಲ್ಲ, ಮೇಲೆ ತೇಲುತ್ತಿತ್ತು. ಮತ್ತೆ ನೆಟ್ಟ. ಮತ್ತೆ ತೇಲಿತು. ಮೂರನೆಯ ಸಲ ಅರ್ಧ ಮಾತ್ರ ತೇಲಿದ್ದನ್ನು ವಿಜಯವೆಂದು ತಿಳಿದು ಮಲಗಿದ.

ಶನಿವಾರ ಇನ್ನೊಂದು ವಿಡಿಯೊ ಸಿಕ್ಕಿತು. ಬಾಟಲಿಯಲ್ಲಿ ಸಕ್ಕರೆ ನೀರಿಗೆ ಬ್ರೆಡ್ಡಿನ ಈಸ್ಟ್ ಹಾಕಿದರೆ ಅದು ಹುಳಿತು ಗ್ಯಾಸ್ ಬರುತ್ತದಂತೆ, ಟ್ಯೂಬಿನಲ್ಲಿ ಅದನ್ನು ತೊಟ್ಟಿಗೆ ಬಿಟ್ಟರೆ ಗಿಡ ಎರಡು ಪಟ್ಟು ಬೆಳೆಯುತ್ತದಂತೆ. ಒಂದು ಬಾಟಲಿಗೆ ಎರಡು ಪಟ್ಟಾದರೆ ಮೂರು ಬಾಟಲಿಗೆ ಆರು ಪಟ್ಟು. ಕುಮರೇಶನ್ ಅಡುಗೆಮನೆಯ ಸಕ್ಕರೆ ಡಬ್ಬ ಬರಿದು ಮಾಡಿದ. ಟ್ಯೂಬಿಗೆ ಎಲ್ಲಿಗೆ ಹೋಗುವುದು? ಮೀನಿಗೆ ಗಾಳಿ ಊದುವ ಪಂಪಿನದ್ದು ಉದ್ದವಾಗಿ ಕಣ್ಣೆದುರೇ ಇತ್ತು. ಅದನ್ನು ಮೂರು ತುಂಡು ಮಾಡಿ, ಮೂರು ಮುಚ್ಚಳಕ್ಕೆ ತೂರಿಸಿ, ಗಮ್ ಹಾಕಿ ಬಿಗಿದ. ಮೀನು ಉಸಿರಾಡುವುದು ಹೇಗೆ ಎಂದು ಪಳನಿಯಮ್ಮ ಕೇಳಿದಳು. ಮೊದಲು ಒಂದು ಕಡೆ ಗುಳ್ಳೆ ಬರುತ್ತಿತ್ತು, ಈಗ ಮೂರು ಕಡೆ ಬರುತ್ತದೆ, ಗುಳ್ಳೆ ಅಂದಮೇಲೆ ಎಲ್ಲ ಗುಳ್ಳೆಯೇ ಎಂದು ಮಗ ತಾಳ್ಮೆಯಿಂದ ತಿಳಿಸಿಕೊಟ್ಟ.

ಭಾನುವಾರ ಆರು ಗಂಟೆಗೆ ಎದ್ದು ನೋಡಿದರೆ ಮೂರೂ ಟ್ಯೂಬುಗಳಿಂದ ಗುಳುಗುಳು ಎಂದು ಗುಳ್ಳೆ. ಹದಿಮೂರು ಮೀನುಗಳೂ ನೀರಿನ ಮೇಲ್ಭಾಗದಲ್ಲಿ ಸಾಲಾಗಿ ನಿಂತು ಬಾಯಿ ತೆರೆಯುತ್ತಿದ್ದವು. ತನಗೆ ಬೆಳಗಿನ ವಣಕ್ಕಂ ಹೇಳುತ್ತಿವೆ ಎಂದುಕೊಂಡು ಕುಮರೇಶನ್ ಉದಾರವಾಗಿ ತಿಂಡಿ ಉದುರಿಸಿದ. ಒಂದೂ ಮುಟ್ಟಲಿಲ್ಲ. ಹಲ್ಲುಜ್ಜಿ ಬಂದ ಪಳನಿಯಮ್ಮ ತೊಟ್ಟಿಯ ಹತ್ತಿರ ಬಗ್ಗಿ ನೋಡಿದಳು.

“ಇದು ಹಸಿವಿನ ಬಾಯಲ್ಲ, ಮಗನೇ. ಅವಕ್ಕೆ ಮೂಚ್ಚು ಸಿಗ್ತಾ ಇಲ್ಲ, ಉಸಿರು ಕಟ್ತಾ ಇದೆ.”

ಕುಮರೇಶನ್ ಬಾಟಲಿಗಳತ್ತ ಧಾವಿಸಿದ. ಅವುಗಳನ್ನು ಎಳೆದು ತೆಗೆಯುವ ಅವಸರದಲ್ಲಿ ಒಂದು ಉರುಳಿ, ಹುಳಿ ಹುಳಿ ವಾಸನೆಯ ನೊರೆ ಹಾಲ್ ತುಂಬ ಹರಿಯಿತು. ಪಂಪಿನ ಸ್ವಿಚ್ ಹಾಕಿದ. ಅದು ಗುಂಯ್ ಎಂದಿತೇ ಹೊರತು, ಟ್ಯೂಬೇ ಇಲ್ಲದೆ ಊದುವುದು ಎಲ್ಲಿಗೆ? ಟ್ಯೂಬಿನ ತುಂಡುಗಳು ಮುಚ್ಚಳಕ್ಕೆ ಅಂಟಿಕೊಂಡು ಬರಲೊಲ್ಲವು. ಗಿಡದ ಅಂಗಡಿಯವನು ಫೋನ್ ಎತ್ತಲಿಲ್ಲ. ಎರಡು ಮೀನು ಆಗಲೇ ಪಕ್ಕಕ್ಕೆ ವಾಲುತ್ತಿದ್ದವು. ಸತ್ಯಾ ಇನ್ನು ಸ್ವಲ್ಪ ಹೊತ್ತಿನಲ್ಲಿ ಬಸ್ಸಿಳಿಯುವವಳು. ಕಲ್ಲನ್ನು ಮುಚ್ಚಲು ಹೋಗಿ ಅವಳ ಕಷ್ಟಕಾಲದ ಗೆಳೆಯರನ್ನೇ ಮುಗಿಸಿಬಿಟ್ಟೆನಲ್ಲ ಎಂದು ಅವನು ಗೋಡೆಗೆ ಒರಗಿದ.

ದಾರಿ ತೋರಿಸಿದ್ದು ಪಳನಿಯಮ್ಮನೇ. ಅವಳ ಚಿಕ್ಕಂದಿನಲ್ಲಿ ಮನೆಯವರು ಕೆರೆಯಿಂದ ಜೀವದ ಮೀನನ್ನು ಕೊಡದಲ್ಲಿ ತರುವಾಗ, ದಾರಿಯುದ್ದಕ್ಕೂ ಕೊಡದ ನೀರನ್ನು ಚೊಂಬಿನಿಂದ ಎತ್ತಿ ಎತ್ತಿ ಸುರಿಯುತ್ತಿದ್ದರಂತೆ. ನೀರು ಮೇಲಿಂದ ಬಿದ್ದರೆ ಅದರಲ್ಲಿ ಗಾಳಿ ಸೇರುತ್ತದೆ. ಆ ಮೀನುಗಳು ಕೊನೆಗೆ ಹೋಗುತ್ತಿದ್ದದ್ದು ಕುಳಂಬಿನ ಸಾರಿಗೆ ಅನ್ನುವುದನ್ನು ಮಾತ್ರ ಅವಳು ಆಗ ಹೇಳಲಿಲ್ಲ. ಚೊಂಬು ಹಿಡಿದು ಎರಡು ಸಲ ಸುರಿದಳು. ಹೆಗಲು ನೋವಿನಿಂದ ಕೈ ಮೇಲೇಳಲಿಲ್ಲ. ಕುಮರೇಶನ್ ಸುರಿದರೆ ಅರ್ಧ ನೀರು ತೊಟ್ಟಿಯ ಹೊರಗೇ ಬೀಳುತ್ತಿತ್ತು.

“ಪೊನ್ನುಸಾಮಿಯನ್ನ ಕರಿ,” ಎಂದಳು.

ಪೊನ್ನುಸಾಮಿ ಎದುರುಗಡೆಯ ಟೀ ಮಾಸ್ಟರು. ಮೂವತ್ತು ವರ್ಷದಿಂದ ಒಂದು ಕೈ ತಲೆಯ ಮೇಲೆ, ಒಂದು ಕೈ ಸೊಂಟದ ಕೆಳಗೆ ಹಿಡಿದು, ಹನಿ ಚೆಲ್ಲದೆ ಟೀ ಎತ್ತಿ ಸುರಿದು ಆರಿಸುತ್ತಿದ್ದವರು. ಕುಮರೇಶನ್ ಓಡಿಹೋಗಿ ಬಿಕ್ಕುತ್ತ ವಿಷಯ ಹೇಳಿದಾಗ ಅವರು ಒಲೆ ಸಣ್ಣ ಮಾಡಿ, ತಮ್ಮ ಎರಡು ಸ್ಟೀಲ್ ಮಗ್ಗುಗಳನ್ನು ತೊಳೆದುಕೊಂಡು ಹಿಂದೆಯೇ ಬಂದರು. ಟೀಗೆ ಕಾದಿದ್ದ ಐದು ಜನ ಗಿರಾಕಿಗಳು ಅವರ ಹಿಂದೆ ಬಂದರು.

“ಕವಲೆಪ್ಪಡಾದೀಂಗ,” ಎಂದು ಧೈರ್ಯ ಹೇಳಿ ಪೊನ್ನುಸಾಮಿ ತೊಟ್ಟಿಯ ಮುಂದೆ ಸ್ಟೂಲು ಹತ್ತಿದರು.

ಆಮೇಲೆ ನಡೆದದ್ದನ್ನು ಆ ಬೀದಿಯವರು ಇವತ್ತಿಗೂ ಹೇಳುತ್ತಾರೆ. ಮೇಲಿನ ಮಗ್ಗಿನಿಂದ ನೀರು ಬೆಳ್ಳಿ ಸರಪಳಿಯ ಹಾಗೆ ಕೆಳಗಿನ ಮಗ್ಗಿಗೆ ಇಳಿಯಿತು, ಅಲ್ಲಿಂದ ನೊರೆಯೆದ್ದು ತೊಟ್ಟಿಗೆ ಬಿತ್ತು. ಮಗ್ಗು ಮತ್ತೆ ಮುಳುಗಿತು, ಮತ್ತೆ ಎದ್ದಿತು. ಅರ್ಧ ಗಂಟೆ ಅವರು ಕೈ ನಿಲ್ಲಿಸಲಿಲ್ಲ. ಕುಮರೇಶನ್ ಸ್ಟೂಲಿನ ಕಾಲು ಹಿಡಿದುಕೊಂಡು ಕೂತಿದ್ದ. ಪಳನಿಯಮ್ಮ ಬೀಸಣಿಗೆಯಿಂದ ಒಮ್ಮೆ ಮೀನಿಗೆ, ಒಮ್ಮೆ ಮಾಸ್ಟರಿಗೆ ಗಾಳಿ ಹಾಕುತ್ತಿದ್ದಳು. ಸಕ್ಕರೆ ಸ್ವಲ್ಪ ಕಮ್ಮಿ ಎಂದ ಗಿರಾಕಿಯೊಬ್ಬನನ್ನು ಉಳಿದವರು ಸುಮ್ಮನಿರಿಸಿದರು. ನಲವತ್ತು ಸಾಲಿನ ಜಮಖಾನ ಎಳೆ ಎಳೆಯಾಗಿ ಕಿತ್ತು ಬಂದು ನೆಲಕ್ಕೂ ಗೋಡೆಗೂ ಪೊನ್ನುಸಾಮಿಯ ಬನಿಯನ್ನಿಗೂ ಅಂಟಿಕೊಂಡಿತು. ಯಾರೂ ಅದರ ಕಡೆ ನೋಡಲಿಲ್ಲ. ವಾಲಿದ್ದ ಮೀನೊಂದು ನೆಟ್ಟಗಾಯಿತು. ಇನ್ನೊಂದು ಬಾಲ ಆಡಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಸತ್ಯಾ ನಿಂತಿದ್ದಳು.

ಅವಳು ಚೀಲ ಕೆಳಗಿಟ್ಟು, ಸೀರೆ ಎತ್ತಿ ಕಟ್ಟಿ, ನೊರೆಯ ಮೇಲೆ ನಡೆದು ಬಂದು ತೊಟ್ಟಿಯ ಮುಂದೆ ಕೂತಳು. ಬೆರಳು ಮಡಚುತ್ತ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಪೊನ್ನುಸಾಮಿಯ ಕೈ ಗಾಳಿಯಲ್ಲೇ ನಿಂತಿತ್ತು.

“ಹದಿಮೂರು,” ಎಂದಳು.

ಕುಮರೇಶನ್ ಒದ್ದೆ ನೆಲದ ಮೇಲೆಯೇ ಕುಸಿದು ಎಲ್ಲವನ್ನೂ ಒಪ್ಪಿಕೊಂಡ. ಮುಚ್ಚಿಡಲು ಉಳಿದದ್ದಾದರೂ ಏನು? ಕೊನೆಗೆ ಹೇಳಿದ, “ನೀನು ಮಲಗಿದ್ದಾಗ ಪಕ್ಕದಲ್ಲಿ ಇದ್ದದ್ದು ಅವು. ನಾನು ಮಗ್ಗದ ಹತ್ತಿರ ಇದ್ದೆ. ಅವಕ್ಕೆ ಏನಾದರೂ ಮಾಡಬೇಕು ಅಂತ ಆಸೆಯಾಯ್ತು.”

ಸತ್ಯಾ ಗಂಡನ ಕಡೆ ತಿರುಗಿದಳು. “ದಿನಾ ಮೂರು ಹೊತ್ತು ಮಗ್ಗ ನಿಲ್ಲಿಸಿ ಬಂದು ಕಂಜಿ ಕಾಯಿಸಿ ಕೊಟ್ಟಿದ್ದು ಮೀನಲ್ಲವಲ್ಲ. ನಾನು ಮರೆತಿಲ್ಲ.” ಆಮೇಲೆ ಕದಡಿ ಬೂದಿ ಬಣ್ಣವಾಗಿದ್ದ ತೊಟ್ಟಿಯ ನೀರು ತೋರಿಸಿ, “ಆ ಕಂಜಿನೂ ನೋಡೋಕೆ ಹೀಗೇ ಇತ್ತು,” ಎಂದಳು.

ಮೊದಲು ನಕ್ಕದ್ದು ಪಳನಿಯಮ್ಮ. ಆಮೇಲೆ ಕುಮರೇಶನ್ ಕಣ್ಣೊರೆಸಿಕೊಳ್ಳುತ್ತ ಪೊನ್ನುಸಾಮಿಯ ಎರಡೂ ಕೈ ಹಿಡಿದುಕೊಂಡ. ಅವರು ನಾಚಿಕೊಂಡು, ಟೀ ಬತ್ತುತ್ತದೆ ಎಂದು ಗಿರಾಕಿಗಳನ್ನು ಕರೆದುಕೊಂಡು ಹೊರಟರು.

ನೆಲದಿಂದಲೂ ಗೋಡೆಯಿಂದಲೂ ಪಳನಿಯಮ್ಮ ಹೆಕ್ಕಿದ ಗಿಡ ಒಂದು ಹಿಡಿಯಾಯಿತು. ಹೊಸ ಟ್ಯೂಬು ಬಂತು, ಪಂಪು ಮೊದಲಿನಂತೆ ಊದಿತು. ನೂಲು ಕತ್ತರಿಸಿ ಪಳಗಿದ ಬೆರಳುಗಳಿಂದ ಸತ್ಯಾ ಗಿಡಗಳನ್ನು ಸಣ್ಣ ಗೊಂಚಲು ಮಾಡಿ, ದೂರ ದೂರ ನೆಟ್ಟು, ಬುಡಕ್ಕೊಂದು ಕಲ್ಲು ಇಟ್ಟಳು. ಒಂದು ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಅಂಗೈಯಷ್ಟು ಹಸಿರು. ನಾಲ್ಕನೇ ತಿಂಗಳಿಗೆ ಕಲ್ಲು ಹುಡುಕಿದರೂ ಕಾಣದಾಯಿತು. ಕುಮರೇಶನ್ ದಿನಾ ಬೆಳಿಗ್ಗೆ ಮಗ್ಗ ಹಾಕುವ ಮೊದಲು ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾನೆ. ಹಸಿರಿನ ಮೇಲೆ ಹದಿಮೂರು ಕೆಂಪು ಬಾಲ ಆಡುವುದನ್ನು ಕಂಡಾಗ, ಯಾರ್ಯಾರಿಗೆಲ್ಲ ಕೈ ಮುಗಿಯಬೇಕೋ ತಿಳಿಯದೆ ಎದೆ ತುಂಬುತ್ತದೆ.

ಮೊನ್ನೆ ಕುನ್ನತ್ತೂರಿನ ಅಕ್ಕ ಬಂದವಳು ತೊಟ್ಟಿ ನೋಡಿ ಬೆರಗಾದಳು. ಇಷ್ಟು ಚೆನ್ನಾಗಿ ಹಬ್ಬಬೇಕಾದರೆ ಇದಕ್ಕೆ ಏನು ಹಾಕಿದಿರಿ ಎಂದು ಕೇಳಿದಳು. ಕುಮರೇಶನ್ ಗಂಟಲು ಸರಿಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ.

“ಹಾಕಿದ್ದು ಏನೂ ಇಲ್ಲ, ಅಮ್ಮಣಿ,” ಎಂದಳು ಪಳನಿಯಮ್ಮ. “ಇವನ ಕೈಯನ್ನ ತೊಟ್ಟಿಯಿಂದ ತೆಗೆಸಿದೆವು, ಅಷ್ಟೇ.”