ಕಡ್ಡಿ ತುದಿಯ ಕೆಂಪು

ನಮ್ಮ ಸೋದರಮಾವ ಮನುಷ್ಯರಿಗಿಂತ ಕಾರನ್ನೇ ಹೆಚ್ಚು ಪ್ರೀತಿಸುತ್ತಿದ್ದರು ಎಂದರೆ, ಇದು ಸೋದರಸೊಸೆಯ ಹೊಟ್ಟೆಕಿಚ್ಚು ಎಂದು ನೀವು ನಗಬಹುದು. ನಗಿ! ಆದರೆ ಒಂದು ಮಾತಿಗೆ ಉತ್ತರ ಕೊಡಿ. ಜ್ವರ ಬಂದು ಮಲಗಿದ ಮಗಳಿಗೆ "ಬಿಸಿನೀರು ಕುಡಿಯವಾ" ಎಂದಷ್ಟೇ ಹೇಳಿ ಪೇಪರು ಓದಲು ಕೂರುವ ಮನುಷ್ಯ, ಕಾರಿನ ಬಾನೆಟ್ಟಿನಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಹಾರಿದ್ದಕ್ಕೆ ಊಟ ಬಿಟ್ಟರೆ ಏನೆನ್ನಬೇಕು?

ಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರು. ಬಣ್ಣದ ವಿಷಯದಲ್ಲಿ ಅವರ ಮಾತೇ ಕೊನೆ. ಒಂದು ಕಾಯಿ ಸೀಳಿ ಬಿಸಿಲಿಗೆ ಹಿಡಿದರೆಂದರೆ, ಅದು ಯಾವ ಹೊಲದ್ದು, ಒಣಗಲು ಹಾಕಿದಾಗ ಇಬ್ಬನಿಗೆ ಸಿಕ್ಕಿತ್ತೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದರು. ಇಂಥವರು ಕಾರು ಕೊಂಡರೆ ಯಾವ ಬಣ್ಣದ್ದು ಕೊಂಡಾರು? ಕೆಂಪು. ಅದೂ ಎಂಥ ಕೆಂಪು! ಮಾರಾಟದ ಹುಡುಗನ ಮುಂದೆ ಜೇಬಿನಿಂದ ಒಂದು ಮೆಣಸಿನಕಾಯಿ ತೆಗೆದು, ಕಾರಿನ ಬಾಗಿಲಿಗೆ ಹಿಡಿದು ನೋಡಿ, ಆಮೇಲೆ "ಹೂಂ" ಅಂದವರು ಅವರು.

ಕಾರು ಮನೆಗೆ ಬಂದದ್ದೂ ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದದ್ದೂ ಒಂದೇ ಕಾಲಕ್ಕೆ. ರಾಣೆಬೆನ್ನೂರಿನಿಂದ ಹಾವೇರಿ ದಾಟುವವರೆಗೂ ರಸ್ತೆ ಹೋಗಿ ಬರೀ ಜಲ್ಲಿ-ಕಡಿಯ ರಾಶಿ ಉಳಿದಿತ್ತು. ಟಿಪ್ಪರುಗಳು ಜಲ್ಲಿ ಚೆಲ್ಲುತ್ತ ಯಮದೂತರಂತೆ ಓಡುತ್ತಿದ್ದವು. ಆಗಾಗ ಯಾರೋ ಟಿಪ್ಪರಿನಡಿ ಸಿಕ್ಕ ಸುದ್ದಿ ಬರುತ್ತಿತ್ತು. ಮಾವ "ಪಾಪ, ಪಾಪ" ಎಂದು ಲೊಚಗುಟ್ಟಿ, "ಅವನ ಗಾಡಿ ಯಾವ ಬಣ್ಣದ್ದಿತ್ತು?" ಎಂದು ಕೇಳುತ್ತಿದ್ದರು.

ಕಲ್ಲು ಸಿಡಿದು ಬಣ್ಣ ಹಾರಿದ ಜಾಗಕ್ಕೆ ಅವರು ಇಟ್ಟ ಹೆಸರು "ಗಾಯ". ಗ್ಯಾರೇಜಿನವರನ್ನು ಮುಟ್ಟಗೊಡುತ್ತಿರಲಿಲ್ಲ. ಹಾವೇರಿಯ ಬಣ್ಣದ ಅಂಗಡಿಯಾತ ಕಾರಿನ ಬಣ್ಣದ ನಂಬರು ಕೇಳಿದರೆ, "ನಂಬರ್ ತಗೊಂಡು ಏನ್ ಮಾಡ್ತೀರಿ? ಈ ಕಾಯಿ ನೋಡ್ರಿ, ಇದರಂಗ ಕಲಿಸಿ ಕೊಡ್ರಿ" ಎಂದರಂತೆ. ಕಾರು ಕೊಂಡ ವರ್ಷದ ಕಾಯಿಯನ್ನೇ ಕೋಲ್ಡ್ ಸ್ಟೋರೇಜಿನಿಂದ ಹುಡುಕಿ ತಂದಿದ್ದರು, ಲೆಕ್ಕ ತಪ್ಪಬಾರದೆಂದು. ಆದರೆ ಕಾಯಿ ಇದ್ದದ್ದು ತಂಪಿನಲ್ಲಿ, ಕಾರು ನಿಂತದ್ದು ಬ್ಯಾಡಗಿಯ ಬಿಸಿಲಿನಲ್ಲಿ! ಕಾಯಿಯ ಬಣ್ಣ ಹಾಗೇ ಉಳಿದಿತ್ತು, ಕಾರಿನದು ಮಾಸಿತ್ತು. ಹಚ್ಚಿದ ಒಂದೊಂದು ಚುಕ್ಕೆಯೂ ಎದ್ದು ಕುಣಿಯಿತು. ಅತ್ತೆ ಹೊಸ್ತಿಲಲ್ಲಿ ನಿಂತು ನೋಡಿ, "ಏನ್ರೀ, ಕಾರಿಗೆ ಗೌರಿಪೂಜಿ ಮಾಡೀರೇನು? ಹಣಿ ತುಂಬ ಕುಂಕುಮ ಐತಿ!" ಎಂದರು. ಆ ದಿನ ಮಾವ ಅತ್ತೆಯ ಜೊತೆ ಮಾತಾಡಲಿಲ್ಲ. ಮಾತಾಡಿದ ದಿನಗಳೇನು ಬಹಳ ಇದ್ದವು ಅಂತಲ್ಲ.

ಅಲ್ಲಿಂದ ಮುಂದೆ ಅವರು ನಿಧಾನ ಕಲಿತರು. ಸೂಜಿಯಿಂದ ತುಕ್ಕು ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಮೊದಲು ಬಿಳಿ ಅಸ್ತರು, ಆಮೇಲೆ ಬೆಂಕಿಕಡ್ಡಿಯ ತುದಿಯಿಂದ ಒಂದೇ ಹನಿ ಕೆಂಪು. "ತೆಳ್ಳಗ ಹಚ್ಚಬೇಕು, ಒಣಗಿಸಬೇಕು, ಮತ್ತ ತೆಳ್ಳಗ ಹಚ್ಚಬೇಕು. ಅವಸರ ಮಾಡಿದ್ರ ಗಂಟು ಕಟ್ತದ" ಎಂದು ನಮಗೆಲ್ಲ ಉಪದೇಶ. ಯಾರು ಕೇಳಿದ್ದರು?

ಅಷ್ಟರಲ್ಲಿ ಅತ್ತೆಯ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಔಷಧಿ ಏರಿಸಲು ಮತ್ತೆ ಮತ್ತೆ ಹುಬ್ಬಳ್ಳಿಗೆ ಹೋಗಬೇಕಾಯಿತು. ರಾಣೆಬೆನ್ನೂರಿನಲ್ಲಿ ಶಾಲೆ ಟೀಚರಾಗಿದ್ದ ನಾನು ರಜೆ ಹಾಕಿ ಜೊತೆಗೆ ಹೋಗುತ್ತಿದ್ದೆ. ಅತ್ತೆ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುವರು. ಎಲ್ಲಿಂದಲೋ ಒಂದು ಕಲ್ಲು ಟಕ್ ಎನ್ನುವುದೇ ತಡ, ಮಾವ ಗಕ್ಕನೆ ಬ್ರೇಕು ಹಾಕಿ ಇಳಿದು, ಬಾನೆಟ್ಟಿಗೆ ಮೂಗು ತಾಗಿಸಿ ಗಾಯ ಹುಡುಕುವರು! ಹಿಂದೆ ಲಾರಿಯವರು ಹಾರ್ನು ಒದರಿ ತಾಯಿ-ತಂದೆ ಎತ್ತಿ ಬೈಯುವರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ, "ನೋಡ್ಕೊಂಡ ಬರ್ಲಿ ಬಿಡವಾ. ಆಸ್ಪತ್ರಿ ಸೂಜಿಗೆ ಯಾರು ಅವಸರ ಮಾಡ್ಯಾರ?" ಎನ್ನುತ್ತಿದ್ದರು.

ಹಾವೇರಿಯವರೆಗಾದರೂ ಹೆದ್ದಾರಿ ತಪ್ಪಲಿ ಎಂದು ಒಮ್ಮೆ ಕಾಗಿನೆಲೆ ಸುತ್ತಿ ಹೋಗಿ ನೋಡಿದರು. ಆ ದಾರಿಯ ಕುಣಿಗಳಿಗೆ ಅತ್ತೆ ನರಳಿದ್ದು ಕೇಳಿ ಅದನ್ನು ಬಿಟ್ಟರು. ಆಮೇಲೆ ಹೂಡಿದ ಉಪಾಯ ಕೇಳಿ. ಅಂಗಡಿಯ ಮೆಣಸಿನಕಾಯಿ ಚೀಲಗಳನ್ನು ಬಿಚ್ಚಿ ಹೊಲಿಸಿ, ಕಾರಿನ ಮೂತಿಗೆ ಬಿಗಿದು ಕಟ್ಟಿದರು. ಕಲ್ಲೇನೋ ತಾಗಲಿಲ್ಲ. ಆದರೆ ಮೋಟೆಬೆನ್ನೂರು ಬರುವುದರೊಳಗೆ ಚೀಲದಲ್ಲಿ ಉಳಿದಿದ್ದ ಪುಡಿಯೆಲ್ಲ ಗಾಳಿಯ ಕಿಂಡಿಯಿಂದ ಒಳಗೆ ನುಗ್ಗಿತು. ಘಾಟೆಂದರೆ ಘಾಟು! ಮಾವ ಸೀನಿದರು, ನಾನು ಸೀನಿದೆ, ಹೊಲಿಗೆ ಹಾಕಿದ ಎದೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಅತ್ತೆ ಸೀನಿದರು. ಉಸಿರು ಸಿಕ್ಕ ಮೇಲೆ, "ಡಾಕ್ಟರು ಇನ್ನ ವ್ಯಾಳ್ಯಾ ಐತಿ ಅಂದಾರ್ರಿ. ನಿಮಗ್ಯಾಕ ಇಷ್ಟ ಅವಸರ?" ಎಂದರು. ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಚೀಲ ನೋಡಿ, "ಮಾಲಿನ ಗಾಡಿ ಹಿಂದಿನ ಗೇಟಿಗೆ ಹೋಗ್ರಿ" ಎಂದ. ಹಿಂದಿನ ಗೇಟು ಹೆಣದ ಕೋಣೆಯ ಕಡೆಗಿತ್ತು. ಆ ದಿನ ನಮ್ಮಲ್ಲಿ ಯಾರೂ ನಗಲಿಲ್ಲ.

ಔಷಧಿಗೆ ಅತ್ತೆಯ ಕೂದಲು ಉದುರಿತು. ಅದನ್ನು ಸೆರಗು ಮುಚ್ಚಿತು. ಆಮೇಲೆ ಕೈಯ ಉಗುರುಗಳು ಸುಟ್ಟ ಹಾಗೆ ಕಪ್ಪಾದವು. ಅದೇ ಹೊತ್ತಿಗೆ ಬಸುರಿ ಮಗಳಿಗೆ ಏಳು ತಿಂಗಳು ತುಂಬಿ ಕುಬಸ, ಅಂದರೆ ಸೀಮಂತ, ಬಂತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ತವರಲ್ಲಿ ಉಡಿ ತುಂಬಬೇಕು. ತುಂಬುವ ಕೈ ಹಡೆದವ್ವನದೇ ಆಗಬೇಕು. ಅತ್ತೆ ಒಲ್ಲೆ ಎಂದು ಕೂತರು.

"ತಲಿ ಮುಚ್ಕೋಬಹುದು, ಕೈ ಎಲ್ಲಿ ಮುಚ್ಚಲಿ? ಈ ಕರೀ ಉಗುರಿಲೆ ಬಸರಿ ಹೆಂಗಸಿನ ಉಡಿ ಮುಟ್ಟಲೇನು? ಅಕಿ ಚಿಗವ್ವ ತುಂಬಲಿ."

"ಹಂಗಾದ್ರ ನನಗ ಕುಬಸನ ಬ್ಯಾಡ" ಎಂದು ಮಗಳು ಅಡುಗೆಮನೆಯಲ್ಲಿ ಅತ್ತಳು. ಹೇಳಿ ಹೇಳಿ ನಾನು ಸೋತೆ. ಇಷ್ಟೆಲ್ಲ ನಡೆಯುವಾಗ ಮಾವ ಎಲ್ಲಿದ್ದರು? ಇನ್ನೆಲ್ಲಿ! ಅಂಗಳದಲ್ಲಿ ಕಾರಿನ ಗಾಯ ತಿಕ್ಕುತ್ತಿದ್ದರು. ಒಮ್ಮೆಯಾದರೂ ಒಳಗೆ ಬರಲಿಲ್ಲ. ನಾನು ಅವರಿಗೆ ಹೋಗುತ್ತೇನೆಂದು ಹೇಳದೆಯೇ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಕುಬಸದ ಹಿಂದಿನ ದಿನ ಶಾಲೆ ಬಿಟ್ಟು ಬರುವಾಗ ರಾಣೆಬೆನ್ನೂರಿನ ಬಳೆ ಅಂಗಡಿಯೊಂದರ ಮುಂದೆ ಕೆಂಪು ಕಾರು ನಿಂತಿತ್ತು. ಇಣುಕಿದೆ. ಹೆಂಗಸರ ನಡುವೆ ಗಿಡ್ಡ ಸ್ಟೂಲಿನ ಮೇಲೆ ಮಾವ! ಹತ್ತೂ ಬೆರಳು ಚಾಚಿ ಕೂತಿದ್ದಾರೆ, ಒಂದೊಂದು ಉಗುರಿಗೂ ಒಂದೊಂದು ಕೆಂಪು! ಅಂಗಡಿಯವಳಿಗೆ ಪಾಠ ಬೇರೆ ನಡೆದಿದೆ: "ಇದು ಇನ್ನೂ ಒಣಗದ ಹಣ್ಣಮೆಣಸಿನಕಾಯಿ ಬಣ್ಣ ಆತು. ಇದರಾಗ ನೀಲಿ ಜಾಸ್ತಿ ಐತಿ. ಇದು ಒಣಗಲಿ, ಆಮ್ಯಾಲ ಹೇಳ್ತೇನಿ."

ನನಗೆ ತಡೆಯಲಾಗಲಿಲ್ಲ. "ಮಾಮಾ! ಕಾರಿಗೆ ಉಗುರಬಣ್ಣ ಬಳಿಯೂ ತನಕ ಬಂತೇನು? ಮನ್ಯಾಗ ಅತ್ತಿ ಹಂಗ ಕುಂತಾಳ, ನಿಮಗ ಒಂದೀಟರ ನಾಚಿಕಿ ಐತೇನು?"

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮಾವ ತಲೆ ಎತ್ತಲಿಲ್ಲ. ಬೆರಳುಗಳನ್ನೇ ನೋಡುತ್ತ, "ಕಾರಿಗಲ್ಲವಾ, ನಿಮ್ಮತ್ತಿಗೆ" ಎಂದರು. "ಕರೀ ಮ್ಯಾಲ ಕೆಂಪು ಕುಂದ್ರೂದಿಲ್ಲ. ಕೆಳಗ ಬಿಳೇದು ಹಚ್ಚಬೇಕಾಗ್ತದ. ಬ್ಯಾಡಗ್ಯಾಗ ಕೊಂಡ್ರ ಮಂದಿ ಕೇಳ್ತಾರ. ಆಕಿಗೆ ಸೇರೂದಿಲ್ಲ."

ನಾನು ಅವರ ಜೊತೆಗೇ ಕಾರು ಹತ್ತಿದೆ. ದಾರಿಯುದ್ದಕ್ಕೂ ಸ್ಟೇರಿಂಗಿನ ಮೇಲೆ ಹತ್ತು ಕೆಂಪು ಉಗುರು. ಎಲ್ಲೋ ಒಂದು ಕಲ್ಲು ಟಕ್ ಎಂದಿತು. ಮಾವ ನಿಲ್ಲಿಸಲಿಲ್ಲ.

ಸಂಜೆ ಅತ್ತೆಯ ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಕೂತರು. ಒರೆಸಿದರು, ಬಿಳಿ ಹಚ್ಚಿದರು, ಒಣಗಿಸಿದರು, ಬೆಂಕಿಕಡ್ಡಿಯ ತುದಿಯಿಂದ ಕೆಂಪು ಎಳೆದರು.

"ಅಯ್ಯ, ಮುದುಕಿಗೆ ಉಗುರಬಣ್ಣ! ಮಂದಿ ನಗ್ತಾರ್ರಿ."

"ನಗಲಿ. ಅಳೂದಕ್ಕಿಂತ ಪಾಡ. ಕೈ ಅಲ್ಲಾಡಸಬ್ಯಾಡ."

ಮರುದಿನ ಅತ್ತೆಯೇ ಉಡಿ ತುಂಬಿದರು. ಮುದುಕಿಯೊಬ್ಬಳು "ಇದೇನ ತಂಗಿ ಈ ವಯಸ್ಸಿನಾಗ?" ಎಂದು ಅವರ ಬೆರಳು ಹಿಡಿದು ಕೇಳಿದಳು. ಅತ್ತೆ ನಾಚಿಕೊಂಡು, "ನಮ್ಮನಿಯವರು ಹಚ್ಯಾರ್ರಿ" ಎಂದರು.

ಮೊಮ್ಮಗಳು ಹುಟ್ಟುವ ಮೊದಲೇ ಅತ್ತೆ ಹೋದರು. ಮೈತೊಳೆಸುವಾಗ ಉಗುರಿನ ಬಣ್ಣ ಅಲ್ಲಲ್ಲಿ ಎದ್ದು ಕೆಳಗಿನ ಕಪ್ಪು ಕಾಣುತ್ತಿತ್ತು. "ಇದನ್ನ ಒರಸಿ ತಗದಬಿಡೂಣು" ಎಂದಳು ಒಬ್ಬಾಕೆ. ಬಾಗಿಲಲ್ಲಿದ್ದ ಮಾವ, "ಬ್ಯಾಡ್ರೆವಾ, ಒಂದೀಟ ತಡೀರಿ" ಎಂದು ಒಳಗೆ ಬಂದರು. ಸೀಸೆಯನ್ನೂ ಕಡ್ಡಿಯನ್ನೂ ತೆಗೆದುಕೊಂಡು ಅತ್ತೆಯ ಪಕ್ಕ ಕೂತು, ಒಂದೊಂದೇ ಗಾಯಕ್ಕೆ ತೆಳ್ಳಗೆ ಹಚ್ಚತೊಡಗಿದರು. ಹೊರಗೆ ಹಿರಿಯರು, "ಹೊತ್ತಾತು, ಲಗೂ ಮಾಡ್ರಿ" ಎಂದು ಕೂಗಿದರು. ಮಾವ ಆ ಬೆರಳುಗಳ ಮೇಲೆ ಮೆಲ್ಲಗೆ ಊದುತ್ತ, "ಒಣಗಬೇಕಲ್ಲರೀ" ಎಂದರು.