ಬಾಗಿಲಣ್ಣನ ಕುರ್ಚಿ

ಬೆಳಿಗ್ಗೆ ಬಂದು ನೋಡಿದರೆ ಕುರ್ಚಿ ಇಲ್ಲ. ಬಾಗಿಲಣ್ಣ ಬಾಗಿಲ ಹಿಂದೆ ಮುಂದೆಲ್ಲ ಹುಡುಕಿದ.

ನೂರು ವರ್ಷ ಅಂಚೆ ಕಚೇರಿಯಾಗಿದ್ದ ಆ ಕಲ್ಲು ಕಟ್ಟಡ ಅಂದು ವಿನ್ಯಾಸ ಕೇಂದ್ರವಾಗಿ ಬಾಗಿಲು ತೆರೆಯುವುದಿತ್ತು. ಅಂಚೆಯವರು ಖಾಲಿ ಮಾಡಿದಾಗ ತನ್ನ ಅನ್ನಕ್ಕೆ ಕಲ್ಲು ಬಿತ್ತೆಂದೇ ಈ ಕಾವಲುಗಾರ ಎಣಿಸಿದ್ದ. ಕೇಂದ್ರ ನಡೆಸುವ ಹೊಸ ಮೇಡಂ ಮಾತ್ರ, "ಈ ಬಾಗಿಲು ನಿಮ್ದೇ, ಎಲ್ಲಿಗೂ ಹೋಗ್ಬೇಡಿ" ಎಂದಿದ್ದರು. ಆ ಪುಣ್ಯಾತ್ಗಿತ್ತಿಯನ್ನು ನೆನೆಯದೆ ಅವನು ತುತ್ತು ಎತ್ತುತ್ತಿರಲಿಲ್ಲ.

ಕೆಲಸವೇನೋ ಉಳಿಯಿತು, ಮೊಣಕಾಲು ಕೈಕೊಟ್ಟಿತ್ತು. ಒಂದು ಕಾಲಿಗೆ ರಟ್ಟು ಕೊಟ್ಟು, ಒಂದು ಕೈಗೆ ತಂತಿ ಸುತ್ತಿದ ಆ ಹಳೇ ಕುರ್ಚಿಯೇ ಅವನಿಗೆ ಗತಿ. ಬೇರೆ ಯಾರು ಕೂತರೂ ಅದು ಕಿರುಗುಟ್ಟುತ್ತಿತ್ತು.

"ಕುರ್ಚಿಗೇನಣ್ಣ ಬರಗಾಲ? ಒಳಗ್ಹೋಗಿ ನೋಡು," ಎಂದಳು ಕ್ಯಾಂಟೀನಿನ ಅಕ್ಕ.

ಒಳಗೆ ಎಲ್ಲಿ ನೋಡಿದರೂ ಪ್ರದರ್ಶನಕ್ಕಿಟ್ಟ ಕುರ್ಚಿಗಳೇ, ಎಲ್ಲಕ್ಕೂ ಸುತ್ತ ಹಗ್ಗ. ಹಗ್ಗವಿಲ್ಲದ ಒಂದರ ಮೇಲೆ ಕೂತ.

"ಏಳ್ರೀ, ಅದು ಟೇಬಲ್ಲು," ಎಂದ ಲೈಟಿನವನು.

ಪಕ್ಕದ್ದಕ್ಕೆ ಒರಗಿದ.

"ಅದು ದೀಪ ಕಣ್ರೀ."

ಅಷ್ಟರಲ್ಲಿ ಮೊಣಕಾಲು ಬೊಬ್ಬೆ ಹಾಕುತ್ತಿತ್ತು. ಮೂಲೆಯಲ್ಲಿ ಬಟ್ಟೆ ಹೊದಿಸಿದ್ದ ಪೆಟ್ಟಿಗೆಯಂಥದರ ಮೇಲೆ ಉಸ್ಸಪ್ಪಾ ಎಂದು ಕೂತೇಬಿಟ್ಟ. ಕರಕ್ ಎಂದಿತು. ಬಟ್ಟೆ ಸರಿಸಿದರೆ, ರಟ್ಟಿನಲ್ಲಿ ಮಾಡಿದ ಇದೇ ಕಟ್ಟಡದ ಮಾದರಿ! ಚಾವಣಿ ಒಳಗೆ ಕುಸಿದಿತ್ತು.

"ಉಂಡ ಮನೆ ಜಂತೆ ಎಣಿಸೋರನ್ನ ನೋಡಿದ್ದೆ," ಎಂದಳು ಹಿಂದೆಯೇ ಬಂದಿದ್ದ ಅಕ್ಕ, "ಮುರಿಯೋರನ್ನ ಇವತ್ತೇ ನೋಡಿದ್ದು."

ಸಮಾರಂಭದ ಹೊತ್ತಿಗೆ, ತುಂಬಿದ ಸಭೆಯಲ್ಲಿ ಮೇಡಂ ಅವನನ್ನು ಮುಂದೆ ಕರೆದರು. ಕೆಲಸ ಹೋಯಿತೆಂದೇ ತಿಳಿದು ಬಾಗಿಲಣ್ಣ ಕೈಮುಗಿದ. "ತಾಯಿ, ಚಾವಣಿ ಮುರಿದವನು ನಾನೇ. ಬೇಕು ಅಂತ ಮಾಡ್ಲಿಲ್ಲ."

"ಅದನ್ನ ನಾಳೆ ಅಂಟಿಸೋಣ, ಬನ್ನಿ," ಎಂದು ನಗುತ್ತ ಮೇಡಂ ಪರದೆ ಎಳೆದರು.

ದೀಪದ ಬೆಳಕಿನಲ್ಲಿ, ಎತ್ತರದ ಕಟ್ಟೆಯ ಮೇಲೆ, ಅವನ ಕುರ್ಚಿ. ರಟ್ಟು, ತಂತಿ ಎಲ್ಲ ಇದ್ದ ಹಾಗೇ. ಕೆಳಗೆ ಫಲಕ: 'ಬಾಗಿಲಣ್ಣನ ಕುರ್ಚಿ'.

"ಕಟ್ಟಡ ಖಾಲಿ ಬಿದ್ದಿದ್ದಾಗಲೂ ಇದರಲ್ಲಿ ಕೂತು ಕಾದವರು ಇವರು. ಇವರಿಲ್ಲದಿದ್ರೆ ಕಿಟಕಿ ಬಾಗಿಲೂ ಉಳೀತಿರಲಿಲ್ಲ. ಇವರ ಋಣ ನಮ್ಮ ಮೇಲಿದೆ," ಎಂದರು ಮೇಡಂ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಬಾಗಿಲಣ್ಣನ ಕಣ್ಣು ತುಂಬಿ ಬಂತು. "ಇಂಥ ಮಾತು ನನ್ನ ಹೆಂಡ್ತೀನೂ ಆಡಿಲ್ಲ ತಾಯಿ," ಎಂದು, ನೋಯುವ ಕಾಲನ್ನೆಳೆದುಕೊಂಡು ತನ್ನ ಕುರ್ಚಿಯತ್ತ ಹೊರಟ.

ಅಕ್ಕ ತೋಳು ಹಿಡಿದು ಫಲಕದ ಕೊನೆಯ ಸಾಲು ತೋರಿಸಿದಳು: 'ಯಾರೂ ಕೂರುವಂತಿಲ್ಲ'.

"ಇನ್ಮೇಲೆ ಇದನ್ನ ಕಾಯೋದೂ ನೀವೇ," ಎಂದರು ಮೇಡಂ ಅಕ್ಕರೆಯಿಂದ. "ಪಕ್ಕದಲ್ಲೇ ನಿಂತಿರಿ."

ಅಷ್ಟು ದೊಡ್ಡ ಉಪಕಾರದ ಮುಂದೆ ಇನ್ನೊಂದು ಕುರ್ಚಿ ಕೇಳಲು ಬಾಗಿಲಣ್ಣನಿಗೆ ಬಾಯಿ ಬರಲಿಲ್ಲ. ಕೈಮುಗಿದುಕೊಂಡೇ ನಿಂತ.